ಮಾರಿಕುಪ್ಪಂ ರೈಲಿನಲ್ಲಿ ಸಿಕ್ಕ ಡಿಸೋಜ ನಿಮ್ಮ ನೆಂಟರೇ? ಪತ್ತೆ ಮಾಡುವುದು ಹೀಗೆ

ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಟ ರೈಲು, ರಾಬರ್ಟ್‌ಸನ್‌ಪೇಟೆಯ ಮದುವೆ ಮನೆ, ನವೆಂಬರ್ 2ರಂದು ಸಮಾಧಿಗಳಿಗೆ ಮೇಣದಬತ್ತಿ ಹಚ್ಚುವ ಹೊತ್ತು. ಕೆಜಿಎಫ್ ಕಡೆ ಇಂಥಲ್ಲೆಲ್ಲ ಪಕ್ಕದವರ ಅಡ್ಡಹೆಸರೂ ನಿಮ್ಮದೇ ಆಗಿರುವುದು ಉಂಟು: ಡಿಸೋಜ, ಪಿಂಟೊ, ಲೋಬೊ. "ಎಲ್ಲೋ ನೆಂಟರೇ ಇರಬೇಕು" ಎಂದು ಮಾತು ಶುರುವಾಗುತ್ತದೆ. ಇರಬಹುದು, ಆದರೆ ಅಡ್ಡಹೆಸರು ಸಾಕ್ಷಿಯಲ್ಲ. 1510ರಲ್ಲಿ ಗೋವಾ ಪೋರ್ಚುಗೀಸರ ಕೈಸೇರಿದ ಮೇಲೆ, ಕ್ರೈಸ್ತರಾದವರಿಗೆ ದೀಕ್ಷಾಸ್ನಾನ ಕೊಟ್ಟ ಪಾದ್ರಿಯ ಅಥವಾ ಧರ್ಮಪಿತನ, ಅಂದರೆ ಪದ್ರಿನ್‌ನ ಅಡ್ಡಹೆಸರೇ ಎಷ್ಟೋ ಸಲ ಬಂತು. ಹಾಗಾಗಿ ರಕ್ತಸಂಬಂಧವೇ ಇಲ್ಲದ ನೂರಾರು ಡಿಸೋಜ ಮನೆಗಳಿವೆ. ಹೆಸರು ಪೋರ್ಚುಗೀಸ್ ಎಂದಮಾತ್ರಕ್ಕೆ ಲಿಸ್ಬನ್‌ನಲ್ಲಿ ಅಜ್ಜನನ್ನು ಹುಡುಕಲು ಹೋಗಬೇಡಿ.

ರೈಲು ಬಂಗಾರಪೇಟೆ ಮುಟ್ಟುವುದರೊಳಗೆ ಕೇಳಿಕೊಳ್ಳಬೇಕಾದ್ದು ಇಷ್ಟು. ಮೊದಲು ಮೂಲದ ಊರು. "ಗೋವಾ", "ಮಂಗಳೂರು" ಎಂದರೆ ಸಾಲದು. ಯಾವ ಇಗರ್ಜಿ (ಚರ್ಚ್), ಗೋವಾದವರಾದರೆ ಯಾವ ವಾಡೊ (ಹಳ್ಳಿಯ ಕೇರಿ) ಎಂದು ಕೇಳಿ. ಆಮೇಲೆ ಮತಾಂತರಕ್ಕೆ ಮುಂಚಿನ ಮನೆಹೆಸರು: ಮಂಗಳೂರು ಕಡೆಯ ಹಲವು ಕಥೋಲಿಕ ಮನೆಗಳಲ್ಲಿ ಪ್ರಭು, ಕಾಮತ್, ಶೆಣೈ, ನಾಯಕ್ ಎಂಬ ನೆನಪು ಇನ್ನೂ ಇದೆ. ಊರೂ ಮನೆಹೆಸರೂ ಎರಡೂ ಕೂಡಿದರೆ ಮಾತು ಮುಂದುವರಿಸಿ. ಅಜ್ಜಿಯ ತವರಿನ ಅಡ್ಡಹೆಸರು, ಅಪ್ಪನ ಪದ್ರಿನ್–ಮಾದ್ರಿನ್ ಯಾರು, ಮೊದಲು ಗಣಿಗೆ ಬಂದವರು ಯಾರು, ಸುಮಾರು ಯಾವ ವರ್ಷ, ಇವನ್ನೂ ಬರೆದುಕೊಳ್ಳಿ. "ಅಂಕಲ್" ಎಂಬ ಉತ್ತರವನ್ನು ಒಪ್ಪಬೇಡಿ. ದೊಡ್ಡಪ್ಪನೋ, ಚಿಕ್ಕಪ್ಪನೋ, ಸೋದರಮಾವನೋ ಎಂದು ಬಿಡಿಸಿ ಕೇಳಿದರೆ ವಂಶಾವಳಿಯ ಅರ್ಧ ಗೆರೆ ಅಲ್ಲೇ ಬಿದ್ದಂತೆ.

ನಿಜವಾದ ಕೆಲಸ ಚರ್ಚ್ ರಿಜಿಸ್ಟರಿನಲ್ಲಿದೆ. 1908ರ ಈಸ್ಟರಿನಿಂದ ಜಾರಿಗೆ ಬಂದ ಕಥೋಲಿಕ ನಿಯಮದ ಪ್ರಕಾರ, ಮದುವೆ ಎಲ್ಲೇ ಆದರೂ ಅದರ ಸುದ್ದಿ ದೀಕ್ಷಾಸ್ನಾನವಾದ ಚರ್ಚಿಗೆ ಹೋಗಿ, ಅಲ್ಲಿನ ರಿಜಿಸ್ಟರಿನ ಅಂಚಿನಲ್ಲಿ ದಾಖಲಾಗಬೇಕು. ಅಂದರೆ ಚಾಂಪಿಯನ್ ರೀಫ್ಸ್‌ನ ಅವರ್ ಲೇಡಿ ಆಫ್ ವಿಕ್ಟರೀಸ್ ಚರ್ಚಿನಲ್ಲಿ ಒಂದು ಮದುವೆ ನಡೆದಿದ್ದರೆ, ಗೋವಾದ ಹಳ್ಳಿಯ ಪುಸ್ತಕದ ಅಂಚಿನಲ್ಲಿ ಅದರ ಸುಳಿವು ಸಿಗಬಹುದು. ಆದ್ದರಿಂದ ಇಲ್ಲಿನ ಮದುವೆ ನಮೂದಿನಿಂದ ಹಿಂದಕ್ಕೆ ಹೋಗಿ. ಅದರಲ್ಲಿ ದೀಕ್ಷಾಸ್ನಾನದ ಊರು ಬರೆದಿದ್ದರೆ ಆ ಊರಿನ ಪಾದ್ರಿಗಳಿಗೆ ಪತ್ರ ಹಾಕಿ. ಹೆಸರು, ತಂದೆ-ತಾಯಿ, ಅಂದಾಜು ವರ್ಷ, ಅದರ ಹಿಂದೆ ಮುಂದೆ ಮೂರು ವರ್ಷ, ಇಷ್ಟೇ ಒಂದು ಹಾಳೆಯಲ್ಲಿ. "ನಮ್ಮ ಕುಟುಂಬದ್ದೆಲ್ಲ ಕಳಿಸಿ" ಎಂದು ಬರೆದ ಪತ್ರಕ್ಕೆ ಉತ್ತರ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಖುದ್ದಾಗಿ ಹೋಗುವುದಾದರೆ ಭಾನುವಾರ ಬೇಡ.

ಬೆಂಗಳೂರು ಧರ್ಮಪ್ರಾಂತ್ಯ ಮೈಸೂರಿನಿಂದ ಬೇರೆಯಾದದ್ದು 1940ರಲ್ಲಿ. ಅದಕ್ಕೂ ಹಳೆಯ ಕಾಗದಪತ್ರ ಬೇಕಾದರೆ ಮೈಸೂರಿನಲ್ಲೂ ವಿಚಾರಿಸಿ. ಮಂಗಳೂರು ಮೂಲದವರಿಗೆ 1784ರ ಹತ್ತಿರ ಗೋಡೆ ಅಡ್ಡ ಬರುತ್ತದೆ: ಟಿಪ್ಪು ಸುಲ್ತಾನ್ ಅಲ್ಲಿನ ಕಥೋಲಿಕರನ್ನು ಸೆರೆಹಿಡಿದ ಕಾಲದಲ್ಲಿ ಚರ್ಚುಗಳ ಜೊತೆ ರಿಜಿಸ್ಟರುಗಳೂ ನಾಶವಾದವು.

ಓದುವಾಗ ಎಡವುವುದು ಹೆಸರಿನಲ್ಲಿ. ಮನೆಯಲ್ಲಿ ಜುವಾಂವ್ ಎಂದು ಕರೆಸಿಕೊಂಡವರು ಲ್ಯಾಟಿನ್ ನಮೂದಿನಲ್ಲಿ ಯೊಹಾನ್ನೆಸ್, ಪೋರ್ಚುಗೀಸಿನಲ್ಲಿ ಜುವಾಂವ್, ಗಣಿಯ ಹಾಜರಿ ಪುಸ್ತಕದಲ್ಲಿ ಜಾನ್. ಬಾಸ್ತ್ಯಾಂವ್ ಸೆಬಾಸ್ಟಿಯನ್ ಆಗಿರುತ್ತಾರೆ, ಪೆದ್ರು ಪೀಟರ್. ಇನ್ನೊಂದು ದೊಡ್ಡ ತಪ್ಪು 'ನತುರಾಲ್' ಎಂಬ ಪೋರ್ಚುಗೀಸ್ ಪದದ್ದು. 'ನತುರಾಲ್ ದೆ' ಎಂದು ಬಂದು ಮುಂದೆ ಊರಿದ್ದರೆ ಆ ಊರಿನವರು ಎಂದರ್ಥ. 'ಫಿಲ್ಯು ನತುರಾಲ್' ಎಂದಿದ್ದರೆ ಮಾತ್ರ ವಿವಾಹದ ಹೊರಗೆ ಹುಟ್ಟಿದ ಮಗ. ಇವೆರಡನ್ನು ಕಲಸಿಕೊಂಡು ಸತ್ತವರ ಮರ್ಯಾದೆ ಕಳೆದವರು ಕಮ್ಮಿಯಿಲ್ಲ. ಗೋವಾದ ಗಾಂವ್ಕಾರಿ (ಊರಿನ ಮೂಲ ಹಕ್ಕುದಾರ) ಮನೆಗಳಾದರೆ ಊರಿನ ಕೊಮುನಿದಾದ್, ಅಂದರೆ ಊರಿನ ಜಮೀನು ನೋಡಿಕೊಳ್ಳುವ ಸಂಸ್ಥೆಯ ಪಟ್ಟಿಯನ್ನೂ ನೋಡಿ. ಅದರಲ್ಲಿ ಗಂಡು ಸಂತಾನದ ಸಾಲು ವಾಂಗೋಡ್ (ಕುಲ) ಪ್ರಕಾರ ಬರುತ್ತದೆ, ಹೆಣ್ಣುಮಕ್ಕಳ ಕಡೆ ಸಿಗುವುದಿಲ್ಲ.

ಕಾಗದ ನಿಂತಲ್ಲಿ ಡಿಎನ್‌ಎ ಪರೀಕ್ಷೆ. ಮುತ್ತಜ್ಜ-ಮುತ್ತಜ್ಜಿ ಒಬ್ಬರೇ ಆದವರ ನಡುವೆ ಸರಾಸರಿ 229 ಸೆಂಟಿಮಾರ್ಗನ್ (ಹೊಂದುವ ಡಿಎನ್‌ಎ ಅಳೆಯುವ ಮಾನ), ಇನ್ನೊಂದು ತಲೆಮಾರು ಹಿಂದಕ್ಕೆ ಹೋದರೆ 73ರ ಸುಮಾರು ಹೊಂದುತ್ತದೆ. ಈ ಎರಡನೆಯ ಹಂತದಲ್ಲಿ ಹತ್ತರಲ್ಲಿ ಒಂದು ಜೋಡಿಗೆ ಏನೂ ಹೊಂದದೆಯೂ ಇರಬಹುದು, ಆದ್ದರಿಂದ ಸೊನ್ನೆ ಬಂದರೆ ನೆಂಟಸ್ತಿಕೆ ಸುಳ್ಳು ಎನ್ನಬೇಡಿ. ತಲೆತಲಾಂತರ ಒಂದೇ ಜಾತಿ, ಒಂದೇ ಹತ್ತಾರು ಹಳ್ಳಿಗಳೊಳಗೆ ಹೆಣ್ಣು ಕೊಟ್ಟು ತಂದ ಕುಟುಂಬಗಳಲ್ಲಿ ಅಂಕಿ ಉಬ್ಬುತ್ತದೆ. ಆರನೆಯ ತಲೆಮಾರಿನ ಸಂಬಂಧ ನಾಲ್ಕನೆಯದರಂತೆ ಕಾಣುತ್ತದೆ. ಒಟ್ಟು ಮೊತ್ತಕ್ಕಿಂತ ಹೊಂದುವ ಅತಿ ಉದ್ದದ ಒಂದೇ ತುಂಡನ್ನು ನೋಡಿ: 20 ಸೆಂಟಿಮಾರ್ಗನ್‌ಗಿಂತ ಕಡಿಮೆಯಿದ್ದರೆ ಪಕ್ಕಕ್ಕಿಡಿ. ಹಿರಿಯರು ಬದುಕಿದ್ದರೆ ಮೊದಲು ಅವರದೇ ಎಂಜಲು ಕೊಡಿಸಿ, ಯಾವುದಕ್ಕೆ ಎಂದು ಹೇಳಿ ಒಪ್ಪಿಗೆ ಪಡೆದು. ಹೊಸ ನೆಂಟರ ಜೊತೆ ವಂಶಾವಳಿ ಹಂಚಿಕೊಳ್ಳುವಾಗ ಬದುಕಿರುವವರ ಜನ್ಮದಿನಾಂಕ, ಆಧಾರ್ ಸಂಖ್ಯೆ ಅಳಿಸಿ ಕೊಡಿ.