ತೆರೆಗಳ ನಡುವೆ ದೋಣಿ ಪತ್ತೆ: ರೇಡಾರ್ ಮಿತಿಯನ್ನು ಲೆಕ್ಕ ಹಾಕುವ ಕ್ರಮ

ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ದಿನಗಳಲ್ಲಿ ಮೀನಿಗಾಗಿ ಕಡಲಿಗಿಳಿಯುವುದು ನಾಡದೋಣಿಗಳೇ. ಕರಾವಳಿ ಕಾಯುವ ರೇಡಾರ್‌ಗೆ ಇದು ಬಹಳ ಕಷ್ಟದ ಕಾಲ. ಗುರಿ ಚಿಕ್ಕದು, ಮರ ಅಥವಾ ಫೈಬರಿನದು. ಸುತ್ತಲೂ ಮುಂಗಾರಿನ ತೆರೆಗಳು. ತೆರೆಗಳಿಂದ ಮರಳುವ ಬೇಡದ ಪ್ರತಿಧ್ವನಿಗೆ ಎಂಜಿನಿಯರುಗಳು ಕ್ಲಟರ್ ಎನ್ನುತ್ತಾರೆ. ದೋಣಿ ಅದರಲ್ಲಿ ಮುಳುಗಿದಾಗ ಪ್ರಸಾರದ ಶಕ್ತಿಯನ್ನು ಹೆಚ್ಚಿಸಿ ಪ್ರಯೋಜನವಿಲ್ಲ, ಏಕೆಂದರೆ ಕ್ಲಟರ್ ಕೂಡ ಅಷ್ಟೇ ಪಟ್ಟು ಹೆಚ್ಚುತ್ತದೆ. ಆದರೆ ಕ್ಲಟರ್ ಎಷ್ಟಿದೆ, ಎಂಥದ್ದಿದೆ ಎಂಬ ಅಂದಾಜನ್ನು ಉತ್ತಮಪಡಿಸಿ ಪತ್ತೆಯನ್ನು ಸುಧಾರಿಸಬಹುದು. ಸ್ವಲ್ಪ ಸಂಖ್ಯಾಶಾಸ್ತ್ರ ಓದಿಕೊಂಡ ವಿದ್ಯಾರ್ಥಿ ಲ್ಯಾಪ್‌ಟಾಪಿನಲ್ಲಿಯೇ ಮಾಡಿ ನೋಡಬಹುದಾದ ಆ ಕ್ರಮ ಇಲ್ಲಿದೆ.

ಹಂತ 1: ಎಷ್ಟು ಸುಳ್ಳು ಎಚ್ಚರಿಕೆಗಳನ್ನು ಸಹಿಸಬಹುದು ಎಂದು ನಿರ್ಧರಿಸಿ

ರೇಡಾರ್ ದೂರವನ್ನು 1,000 ಕೋಶಗಳಾಗಿಯೂ ಸುತ್ತನ್ನು 360 ದಿಕ್ಕುಗಳಾಗಿಯೂ ವಿಂಗಡಿಸಿದರೆ, ಆಂಟೆನಾದ ಒಂದು ಸುತ್ತಿಗೆ 3,60,000 ಬಾರಿ ‘ಗುರಿ ಇದೆಯೇ, ಇಲ್ಲವೇ’ ಎಂದು ತೀರ್ಮಾನಿಸಬೇಕು. ಸುಳ್ಳು ಎಚ್ಚರಿಕೆಯ ಸಂಭವನೀಯತೆಯನ್ನು ಹತ್ತು ಲಕ್ಷಕ್ಕೆ ಒಂದು ಎಂದಿಟ್ಟರೆ ಸುಮಾರು ಮೂರು ಸುತ್ತಿಗೊಮ್ಮೆ ಒಂದು ಸುಳ್ಳು ಚುಕ್ಕೆ ಪರದೆಯ ಮೇಲೆ ಮೂಡುತ್ತದೆ. ಪ್ರತಿಧ್ವನಿ ಯಾವ ಮಟ್ಟವನ್ನು ದಾಟಿದರೆ ‘ಗುರಿ ಇದೆ’ ಎನ್ನುತ್ತೇವೆಯೋ ಅದೇ ಮಿತಿ. ಕ್ಲಟರ್ ಶಕ್ತಿ ಸರಳ ಘಾತೀಯ ವಿತರಣೆಯನ್ನು (ಶಕ್ತಿ ದೊಡ್ಡದಾದಷ್ಟೂ ಅದು ಕಾಣಿಸುವುದು ಬೇಗಬೇಗನೆ ಅಪರೂಪವಾಗುತ್ತ ಹೋಗುವ ಹಂಚಿಕೆ) ಅನುಸರಿಸುವುದಾದರೆ, ಇದಕ್ಕೆ ಬೇಕಾದ ಮಿತಿ ಕ್ಲಟರ್‌ನ ಸರಾಸರಿ ಶಕ್ತಿಯ 13.8 ಪಟ್ಟು. ಈ ಮಿತಿಯನ್ನು ಸ್ಥಿರವಾಗಿಟ್ಟಿರುವಾಗ ಗಾಳಿ ಬಲವಾಗಿ ಕ್ಲಟರ್ ಕೇವಲ ಎರಡು ಪಟ್ಟಾದರೆ, ಸುಳ್ಳು ಎಚ್ಚರಿಕೆ ಸಾವಿರಕ್ಕೊಂದಾಗುತ್ತದೆ. ಅಂದರೆ ಪ್ರತಿ ಸುತ್ತಿಗೂ 360 ಸುಳ್ಳು ಚುಕ್ಕೆಗಳು. ಹೀಗಾಗಿ ಮಿತಿಯನ್ನು ಅಳತೆಗೆ ತಕ್ಕಂತೆ ಪ್ರತಿ ಕೋಶಕ್ಕೂ ಹೊಸದಾಗಿ ಲೆಕ್ಕ ಹಾಕಬೇಕಾಗುತ್ತದೆ.

ಹಂತ 2: ನೆರೆಯ ಕೋಶಗಳಿಂದ ಸರಾಸರಿ ತೆಗೆಯಿರಿ

ಫಿನ್ ಮತ್ತು ಜಾನ್ಸನ್ 1968ರಲ್ಲಿ ಪ್ರಕಟಿಸಿದ ವಿಧಾನ ಇಂದಿಗೂ ಬಳಕೆಯಲ್ಲಿದೆ. ಪರೀಕ್ಷಿಸಬೇಕಾದ ಕೋಶದ ಎರಡೂ ಬದಿಗೆ ಒಂದೆರಡು ಕಾವಲು ಕೋಶಗಳನ್ನು ಬಿಡಿ (ಗುರಿಯ ಶಕ್ತಿ ಪಕ್ಕಕ್ಕೆ ಸೋರಿರಬಹುದು), ಅವುಗಳಾಚೆ ಬದಿಗೆ ಎಂಟರಂತೆ ಒಟ್ಟು 16 ಮಾದರಿ ಕೋಶಗಳ ಸರಾಸರಿ ತೆಗೆದು ಗುಣಕದಿಂದ ಗುಣಿಸಿ; ಬಂದದ್ದೇ ಆ ಕೋಶದ ಮಿತಿ. ಗುಣಕ ಇನ್ನು 13.8 ಆಗಿರುವುದಿಲ್ಲ. ಹದಿನಾರೇ ಮಾದರಿಗಳ ಸರಾಸರಿ ತಾನೇ ಏರುಪೇರಾಗುವುದರಿಂದ ಅದನ್ನು 21.9ಕ್ಕೆ ಏರಿಸಬೇಕು. ಮಾದರಿಗಳು 32 ಇದ್ದರೆ 17.3 ಸಾಕು, ಎಂಟೇ ಇದ್ದರೆ 37 ಬೇಕು. ಸೂತ್ರ ಸರಳ: ಸುಳ್ಳು ಎಚ್ಚರಿಕೆಯ ಸಂಭವನೀಯತೆಯ ವಿಲೋಮದ ‘ಮಾದರಿ ಸಂಖ್ಯೆಯಷ್ಟನೆಯ’ ಮೂಲವನ್ನು ತೆಗೆದು, ಒಂದನ್ನು ಕಳೆದು, ಮಾದರಿ ಸಂಖ್ಯೆಯಿಂದ ಗುಣಿಸಿದರಾಯಿತು.

ಹಾಗಾದರೆ ಮಾದರಿಗಳನ್ನು ಹೆಚ್ಚಿಸುತ್ತಲೇ ಹೋಗಬಾರದೇ? ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಸುಕಿದರೆ ಸಾಕು ಎನ್ನುವುದು ಪಾತ್ರೆಯ ತುಂಬ ಒಂದೇ ಹದದ ಬೇಗೆ ಇರುವುದರಿಂದ. ಕಡಲು ಹಾಗಿಲ್ಲ. ಮಾದರಿ ಕೋಶಗಳ ಸಾಲು ಅಗಲವಾದಷ್ಟೂ ದಡ, ಮಳೆಯ ಅಂಚು, ಇನ್ನೊಂದು ದೋಣಿ ಅದರೊಳಗೆ ನುಸುಳುತ್ತವೆ.

ಹಂತ 3: ಮಾದರಿಯನ್ನು ಶುದ್ಧಗೊಳಿಸಿ

ಹೆಚ್ಚು ಶ್ರಮ ಹಾಕಬೇಕಾದ ಹಂತ ಇದು ಎಂದು ನನ್ನ ಅಭಿಪ್ರಾಯ. ಇಲ್ಲಿ ಕೆಟ್ಟದ್ದನ್ನು ಮುಂದಿನ ಯಾವ ಸೂತ್ರವೂ ಸರಿಪಡಿಸುವುದಿಲ್ಲ. ಕ್ಲಟರ್‌ನ ನೂರು ಪಟ್ಟು ಶಕ್ತಿಯ ಪ್ರತಿಧ್ವನಿ ಕೊಡುವ ಎರಡು ದೋಣಿಗಳು ಜೊತೆಯಾಗಿ ಸಾಗುತ್ತಿವೆ ಎನ್ನಿ. ಒಂದೊಂದಾಗಿದ್ದರೆ 21.9ರ ಮಿತಿಯನ್ನು ಎರಡೂ ಸುಲಭವಾಗಿ ದಾಟುತ್ತಿದ್ದವು. ಜೊತೆಗಿದ್ದಾಗ ಮೊದಲನೆಯದರ ಮಾದರಿ ಕೋಶಗಳಲ್ಲಿ ಎರಡನೆಯದು ಕುಳಿತು ಸರಾಸರಿಯನ್ನು ಒಂದರಿಂದ 7.2ಕ್ಕೆ ಏರಿಸುತ್ತದೆ; ಮಿತಿ 158ಕ್ಕೆ ಜಿಗಿಯುತ್ತದೆ. ಎರಡನೆಯದಕ್ಕೂ ಇದೇ ಗತಿ. ಹೀಗೆ ಎರಡೂ ಒಂದನ್ನೊಂದು ಮರೆಮಾಡಿ ಪರದೆಯಿಂದ ಮಾಯವಾಗುತ್ತವೆ.

ರೋಲಿಂಗ್ 1983ರಲ್ಲಿ ಸೂಚಿಸಿದ ಪರಿಹಾರವೆಂದರೆ ಸರಾಸರಿಯನ್ನು ಬಿಟ್ಟು ಮಾದರಿಗಳನ್ನು ಕಿರಿದರಿಂದ ಹಿರಿದಕ್ಕೆ ಜೋಡಿಸಿ, ಮುಕ್ಕಾಲು ಭಾಗದಲ್ಲಿರುವ ಬೆಲೆಯನ್ನು, ಅಂದರೆ ಹದಿನಾರರಲ್ಲಿ ಹನ್ನೆರಡನೆಯದನ್ನು, ಆಧಾರವಾಗಿಟ್ಟುಕೊಳ್ಳುವುದು. ಆಗ ಗುಣಕ ಸುಮಾರು 21. ಮಿತಿ ಸಾಮಾನ್ಯವಾಗಿ 27ರ ಆಸುಪಾಸಿನಲ್ಲಿರುತ್ತದೆ. ನುಸುಳಿದ ದೋಣಿ ಸಾಲಿನ ತುದಿಗೆ ಹೋಗಿ ನಿಲ್ಲುವುದರಿಂದ ಮಿತಿ 31ರಷ್ಟಾಗುತ್ತದೆ, ಅಷ್ಟೇ. ಎರಡು ದೋಣಿಗಳೂ ಕಾಣುತ್ತವೆ. ಶುದ್ಧ ಕಡಲಿನಲ್ಲಿ ತುಸು ಸೂಕ್ಷ್ಮತೆ ಕಳೆದುಕೊಂಡು ಇದನ್ನು ಪಡೆಯುತ್ತೇವೆ, ದುಬಾರಿಯಲ್ಲ.

ಮಳೆಯ ಅಂಚಿನಲ್ಲಿ ಮಾತ್ರ ಬೇರೆ ಉಪಾಯ ಬೇಕು: ಎಡ ಬಲ ಬದಿಗಳ ಸರಾಸರಿಯನ್ನು ಬೇರೆಬೇರೆ ತೆಗೆದು ದೊಡ್ಡದನ್ನು ಬಳಸಿದರೆ ಅಂಚಿನುದ್ದಕ್ಕೂ ಏಳುವ ಸುಳ್ಳು ಚುಕ್ಕೆಗಳು ತಗ್ಗುತ್ತವೆ.

ಹಂತ 4: ವಿತರಣೆಯ ಆಕಾರವನ್ನು ಪರೀಕ್ಷಿಸಿ

ಈವರೆಗಿನ ಗುಣಕಗಳೆಲ್ಲ ಘಾತೀಯ ವಿತರಣೆಯನ್ನು ನಂಬಿವೆ. ಸೂಕ್ಷ್ಮ ಅಂತರಗಳನ್ನು ಬಿಡಿಸಿ ನೋಡುವ ರೇಡಾರ್, ಕಡಲನ್ನು ಓರೆಯಾಗಿ ನೋಡುವಾಗ ಈ ನಂಬಿಕೆ ಕೈಕೊಡುತ್ತದೆ. ಮುರಿಯುವ ತೆರೆಗಳು ಗುರಿಯಂತೆಯೇ ಮಿಂಚುತ್ತವೆ. ಪರೀಕ್ಷೆ ಸುಲಭ. ಗುರಿಯಿಲ್ಲದ ಕೋಶಗಳಲ್ಲಿ ಶಕ್ತಿಯ ವರ್ಗದ ಸರಾಸರಿಯನ್ನು ಸರಾಸರಿಯ ವರ್ಗದಿಂದ ಭಾಗಿಸಿ. ಉತ್ತರ 2ರ ಹತ್ತಿರವಿದ್ದರೆ ಹಳೆಯ ಗುಣಕವೇ ಸಾಕು. ಹೆಚ್ಚಿದ್ದರೆ ವಾರ್ಡ್ 1981ರಲ್ಲಿ ಸಮುದ್ರಕ್ಕೆ ಅನ್ವಯಿಸಿದ ಕೆ-ವಿತರಣೆಯನ್ನು ಬಳಸಬಹುದು: ಉತ್ತರದಿಂದ 2 ಕಳೆದು, ಅದರಿಂದ 2ನ್ನು ಭಾಗಿಸಿದರೆ ಆಕಾರಾಂಕ, ಅಂದರೆ ವಿತರಣೆಯ ಆಕಾರವನ್ನು ಹೇಳುವ ಸಂಖ್ಯೆ, ಸಿಗುತ್ತದೆ; ಅದು ಚಿಕ್ಕದಾದಷ್ಟೂ ಮಿಂಚು ಹೆಚ್ಚು. ಉತ್ತರ 4 ಬಂದರೆ ಆಕಾರಾಂಕ 1. ಕಡಲು ಬಹಳ ಚುರುಕಾಗಿ ಮಿಂಚುತ್ತಿದೆ ಎಂದರ್ಥ, ಗುಣಕವನ್ನು ಗಣನೀಯವಾಗಿ ಏರಿಸಲೇಬೇಕು.

ಅಭ್ಯಾಸಕ್ಕೆ ನಿಜವಾದ ದತ್ತಾಂಶ ಬೇಕೆಂದರೆ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಐಪಿಕ್ಸ್ ರೇಡಾರ್ 1993ರಲ್ಲಿ ನೋವಾ ಸ್ಕೋಷಿಯಾದ ಡಾರ್ಟ್‌ಮೌತ್ ಬಳಿ ಮಾಡಿದ ದಾಖಲೆಗಳಿವೆ. ತಂತಿಬಲೆ ಸುತ್ತಿದ ತೇಲುವ ಗೋಳವೇ ಅಲ್ಲಿನ ಗುರಿ.

ಹಲವು ಆಂಟೆನಾ, ಹಲವು ಸ್ಪಂದಗಳಿದ್ದಾಗ

ಆಗ ಒಂದು ಸರಾಸರಿಯ ಬದಲು ಸಹವ್ಯತ್ಯಯ ಮಾತೃಕೆಯನ್ನೇ (ಬೇರೆಬೇರೆ ಅಳತೆಗಳು ಒಂದರೊಡನೊಂದು ಹೇಗೆ ಏರಿಳಿಯುತ್ತವೆ ಎಂಬುದರ ಕೋಷ್ಟಕ) ಅಂದಾಜು ಮಾಡಬೇಕಾಗುತ್ತದೆ. ಎಂಟು ಆಂಟೆನಾ, 16 ಸ್ಪಂದಗಳೆಂದರೆ 128 ಆಯಾಮಗಳು. ಆದರ್ಶ ಸ್ಥಿತಿಗಿಂತ ಸರಾಸರಿ 3 ಡೆಸಿಬೆಲ್‌ನಷ್ಟು ಮಾತ್ರ ಹಿಂದುಳಿಯಲು ಆಯಾಮಗಳ ಸುಮಾರು ಎರಡರಷ್ಟು ಮಾದರಿಗಳು ಬೇಕೆಂದು ರೀಡ್, ಮ್ಯಾಲೆಟ್ ಮತ್ತು ಬ್ರೆನನ್ 1974ರಲ್ಲಿ ತೋರಿಸಿದರು. ಇಲ್ಲಿ ಅದು 256. ಒಂದೇ ಸ್ವಭಾವದ ಅಷ್ಟು ಕೋಶಗಳು ಕಡಲಲ್ಲಿ ಸಿಗುವುದು ಅಪರೂಪವಾದ್ದರಿಂದ, ಮಾತೃಕೆಯ ಕರ್ಣಕ್ಕೆ ಸಣ್ಣ ಸ್ಥಿರಾಂಕವೊಂದನ್ನು ಕೂಡಿಸಿ ಕಡಿಮೆ ಮಾದರಿಗಳಲ್ಲೇ ಸ್ಥಿರ ಅಂದಾಜು ಪಡೆಯುವುದು ರೂಢಿ.

ಹಂತ 5: ಎಣಿಸಿ ನೋಡಿ

ಗುರಿಯಿಲ್ಲದ ದತ್ತಾಂಶದ ಮೇಲೆ ಇಡೀ ಕ್ರಮವನ್ನು ಓಡಿಸಿ, ಮಿತಿ ದಾಟಿದವುಗಳನ್ನು ಎಣಿಸಿ. ಒಂದು ಲಕ್ಷ ಮಾದರಿಗಳಿಟ್ಟುಕೊಂಡು ಹತ್ತು ಲಕ್ಷಕ್ಕೊಂದರ ಭರವಸೆಯನ್ನು ಪರೀಕ್ಷಿಸಲಾಗದು, ಹಾಗಾಗಿ ಮೊದಲು ಸಾವಿರಕ್ಕೊಂದು ಎಂದಿಟ್ಟು ಸುಮಾರು ನೂರು ಬರುತ್ತವೆಯೇ ನೋಡಿ. ಪಕ್ಕಪಕ್ಕದ ಮಾದರಿಗಳು ಒಂದನ್ನೊಂದು ಹೋಲುವುದರಿಂದ ಎಣಿಕೆ ತುಸು ಆಚೀಚೆಯಾಗಬಹುದು. ಆದರೆ ಐನೂರು ಬಂದರೆ ನಾಲ್ಕನೆಯ ಹಂತಕ್ಕೆ ಮರಳಿ ಆಕಾರಾಂಕವನ್ನು ಮತ್ತೆ ಲೆಕ್ಕ ಹಾಕಿ.