ಹಲಸೂರಿನ ತಾರಸಿಯಿಂದ ಸೇನಾ ದಿನದ ಫ್ಲೈಪಾಸ್ಟ್

ಫ್ಲೈಪಾಸ್ಟ್, ಅಂದರೆ ಪರೇಡಿನ ಮೇಲೆ ವಿಮಾನ, ಹೆಲಿಕಾಪ್ಟರುಗಳು ಸಾಲುಗಟ್ಟಿ ಹಾದುಹೋಗುವುದನ್ನು ನೋಡುವ ಆಸೆ ಇದ್ದರೆ ಪರೇಡ್ ಮೈದಾನದೊಳಗೆ ಕೂರಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಪಾಸ್ ಸಿಗದವನ ಮಾತು ಇದು ಅಂತ ಗೆಳೆಯರು ನಗುತ್ತಾರೆ, ನಗಲಿ. ಒಳಗೆ ಕೂತವರಿಗೆ ಸಿಗುವುದು ವೇದಿಕೆಯ ನೆತ್ತಿಯ ಮೇಲೆ ಹಾದುಹೋಗುವ ಅರ್ಧ ನಿಮಿಷ, ಅದೂ ಶಾಮಿಯಾನದ ಅಂಚು ಮತ್ತು ಎತ್ತಿ ಹಿಡಿದ ಮೊಬೈಲುಗಳ ಸಂದಿಯಲ್ಲಿ. ಹೊರಗೆ, ಒಂದಿಷ್ಟು ದೂರದಲ್ಲಿ, ಎತ್ತರದ ತಾರಸಿ ಹತ್ತಿದವನಿಗೆ ಪೂರ್ತಿ ಕಥೆ ಕಾಣುತ್ತದೆ: ಅವು ಬಂದು ಸೇರಿಕೊಳ್ಳುವುದು, ಹೊತ್ತಾಗಲಿ ಅಂತ ದೂರದಲ್ಲೇ ಸುತ್ತು ಹೊಡೆಯುವುದು, ಸಾಲು ಸರಿಮಾಡಿಕೊಂಡು ಒಮ್ಮೆಗೇ ಮೂಗು ತಿರುಗಿಸುವುದು, ಕೆಲಸ ಮುಗಿದ ಮೇಲೆ ಚದುರುವುದು. ಹಾರಾಟದ ಕಸುಬು ಇರುವುದೇ ಅಲ್ಲಿ.

2023ರ ಜನವರಿ 15ರಂದು ಇದನ್ನು ನಮ್ಮ ಊರಲ್ಲೇ ಪರೀಕ್ಷಿಸುವ ಅವಕಾಶ ಬಂತು. 75ನೇ ಸೇನಾ ದಿನದ ಪರೇಡ್ ದೆಹಲಿ ಬಿಟ್ಟು ಮೊದಲ ಸಲ ಹೊರಗೆ ಬಂದಿತ್ತು, ಬಂದದ್ದು ಬೆಂಗಳೂರಿಗೆ. ಅದರಲ್ಲಿ ಒಂದು ನ್ಯಾಯ ಇತ್ತು. ಈ ದಿನವನ್ನು ಆಚರಿಸುವುದೇ 1949ರ ಜನವರಿ 15ರಂದು ಕಾರ್ಯಪ್ಪನವರು ಬ್ರಿಟಿಷ್ ಜನರಲ್ ರಾಯ್ ಬುಚರ್ ಅವರಿಂದ ಸೇನೆಯ ಚುಕ್ಕಾಣಿ ವಹಿಸಿಕೊಂಡ ನೆನಪಿಗೆ. ಕೊಡಗಿನ ಶನಿವಾರಸಂತೆಯಲ್ಲಿ ಹುಟ್ಟಿದ ಈ ಕಾರ್ಯಪ್ಪನವರ ಹೆಸರಿನ ಮೈದಾನ ದೆಹಲಿ ಕಂಟೋನ್ಮೆಂಟಿನಲ್ಲಿದೆ, ಪರೇಡ್ ಅಲ್ಲೇ ನಡೆಯುತ್ತಿತ್ತು. ಈ ಸಲ ಅವರ ನಾಡಿನಲ್ಲಿ, ಹಲಸೂರು ಕೆರೆಯ ಪಕ್ಕದ ಎಂಇಜಿ (ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್) ಸೆಂಟರಿನ ಗೋವಿಂದಸ್ವಾಮಿ ಮೈದಾನದಲ್ಲಿ. ಮದ್ರಾಸ್ ಸ್ಯಾಪರ್ಸ್ ಅಂತ ಹಳಬರು ಕರೆಯುವ ಜಾಗ ಅದೇ. ಆಕಾಶದ ಪಾಲು ಸೇನೆಯದೇ ಆದ ಆರ್ಮಿ ಏವಿಯೇಷನ್ ಕೋರಿನದು, ಧ್ರುವ್ ಮತ್ತು ರುದ್ರ ಹೆಲಿಕಾಪ್ಟರುಗಳು. ಆ ಕೋರ್ ಹುಟ್ಟಿದ್ದು 1986ರಲ್ಲಿ. ಕಾರ್ಯಪ್ಪನವರಿಗೆ ಫೀಲ್ಡ್ ಮಾರ್ಷಲ್ ಪದವಿ ಸಿಕ್ಕ ವರ್ಷವೂ ಅದೇ.

ಜೆಟ್ ಇಲ್ಲವಂತೆ, ಬರೀ ಹೆಲಿಕಾಪ್ಟರ್ ಅಂತೆ ಅಂದವರೇ ಜಾಸ್ತಿ. ವಿಮಾನಪುರ, ಮಾರತ್ತಹಳ್ಳಿ ಕಡೆ ಬೆಳೆದವರಿಗಂತೂ ಧ್ರುವ್ ಅಂದರೆ ಬಟ್ಟೆ ಒಣಹಾಕುವಾಗ ತಲೆ ಮೇಲೆ ಹೋಗುವ ವಸ್ತು. ಎಚ್‌ಎಎಲ್‌ನಲ್ಲಿ ತಯಾರಾಗಿ 1992ರಲ್ಲಿ ಮೊದಲು ಹಾರಿದ್ದೂ ಇದೇ ಊರಲ್ಲಿ. ನನ್ನ ಲೆಕ್ಕ ಬೇರೆ. ಕಟ್ಟಡಗಳ ಮಧ್ಯೆ ನಿಂತು ನೋಡುವವನಿಗೆ ಜೆಟ್‌ಗಿಂತ ಹೆಲಿಕಾಪ್ಟರೇ ಮೇಲು. ಕಾರಣ ಶಬ್ದದಲ್ಲಿದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ಅಂದರೆ ಒಂದು ಕಿಲೋಮೀಟರ್ ಆಚೆಯ ಸದ್ದು ನಮಗೆ ಮುಟ್ಟಲು ಮೂರು ಸೆಕೆಂಡು ಬೇಕು. ಸೆಕೆಂಡಿಗೆ 200 ಮೀಟರ್ ಹೋಗುವ ಜೆಟ್ ಅಷ್ಟರಲ್ಲಿ 600 ಮೀಟರ್ ಮುಂದೆ ಹೋಗಿರುತ್ತದೆ. ಸದ್ದು ಬಂದ ಕಡೆ ತಲೆ ಎತ್ತಿದರೆ ಖಾಲಿ ಆಕಾಶ. ಹೆಲಿಕಾಪ್ಟರ್ ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಬಂದರೂ ಅಷ್ಟೇ ಹೊತ್ತಿನಲ್ಲಿ 170 ಮೀಟರ್ ದಾಟುವುದಿಲ್ಲ. ಕಿವಿ ತೋರಿಸಿದ ಕಡೆಯೇ ಕಣ್ಣಿಗೂ ಸಿಗುತ್ತದೆ. ನಾಲ್ಕು ರೆಕ್ಕೆಗಳ ಆ ದಪ್ಪ ಬಡಿತ ಕಟ್ಟಡಗಳಿಗೆ ತಾಕಿ ಎಲ್ಲ ಕಡೆಯಿಂದ ಬಂದಂತೆ ಕೇಳುತ್ತದೆ ನಿಜ. ತಾರಸಿಯ ತುದಿಗೆ ಹೋದರೆ ಆ ಗೊಂದಲ ಅರ್ಧ ಕಡಿಮೆಯಾಗುತ್ತದೆ.

ಜಾಗ ಹುಡುಕಿದ್ದು ಬಿಸಿಲಿನ ಲೆಕ್ಕದಿಂದ. ಜನವರಿ ನಡುವಿನಲ್ಲಿ ಬೆಂಗಳೂರಲ್ಲಿ ಬೆಳಗ್ಗೆ ಒಂಬತ್ತರ ಸೂರ್ಯ ಆಗ್ನೇಯಕ್ಕೆ ಇರುತ್ತಾನೆ, ತೀರ ಎತ್ತರವೂ ಇಲ್ಲ. ಎಚ್‌ಎಎಲ್ ವಿಮಾನ ನಿಲ್ದಾಣ ಹಲಸೂರಿನಿಂದ ನೋಡಿದರೆ ಹೆಚ್ಚು ಕಡಿಮೆ ಅದೇ ದಿಕ್ಕು. ಕೆರೆಯ ಉತ್ತರದ ದಂಡೆಯಲ್ಲಿ ನಿಂತು ಆ ಕಡೆ ಕಾದರೆ, ಬರುವುದೆಲ್ಲ ಕರಿ ಚುಕ್ಕೆ. ಅದಕ್ಕೇ ಕೆರೆಯ ದಕ್ಷಿಣಕ್ಕೆ, ಸೋಮೇಶ್ವರ ದೇವಸ್ಥಾನದ ಆಸುಪಾಸಿನ ಗಲ್ಲಿಗಳನ್ನು ಹಿಡಿದೆ. ಅಲ್ಲಿಂದ ಮೈದಾನದ ಕಡೆ ಮುಖ ಮಾಡಿದರೆ ಅವು ಯಾವ ದಿಕ್ಕಿನಿಂದ ಬಂದರೂ ಕೊನೆಗೆ ನನ್ನ ಬೆನ್ನ ಬಿಸಿಲಿಗೆ ಮೈಯೊಡ್ಡಲೇಬೇಕು. ನಮ್ಮ ದೊಡ್ಡಮ್ಮನ ಮನೆ ಅಲ್ಲೇ ಇದ್ದದ್ದು ಪುಣ್ಯ. ಮೂರನೇ ಮಹಡಿಯ ತಾರಸಿ, ಒಂದು ಕಡೆ ಸಿಂಟೆಕ್ಸ್ ಟ್ಯಾಂಕು, ಇನ್ನೊಂದು ಕಡೆ ಪಕ್ಕದ ಮನೆಯ ತೆಂಗಿನಮರ, ಮಧ್ಯೆ ಒಳ್ಳೆಯ ಅಗಲದ ಆಕಾಶ. ಕೇಬಲ್ ವೈರುಗಳು ಮಾತ್ರ ಎಲ್ಲ ಕಡೆ ಇದ್ದಂತೆ ಇಲ್ಲೂ.

ಪರೇಡಿಗೆ ಮುಂಚೆ ತಾಲೀಮು ನಡೆಯುತ್ತದೆ. ಇಂಥದ್ದನ್ನು ನೋಡುವ ಹುಚ್ಚಿರುವ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ: ತಾಲೀಮಿನ ದಿನ ತಪ್ಪಿಸಬೇಡ. ಜನ ಕಡಿಮೆ, ಪೊಲೀಸರ ಬ್ಯಾರಿಕೇಡ್ ಕಡಿಮೆ, ಹಾರುವ ದಾರಿ ಮಾತ್ರ ಹತ್ತಿರ ಹತ್ತಿರ ಅದೇ. ನಾನು ತಾರಸಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದೆ, ಮೊದಲು ಕಂಡದ್ದು ಎಲ್ಲಿ, ಮರೆಯಾದದ್ದು ಎಲ್ಲಿ ಅಂತ. ಮೊಬೈಲಿನ ವಿಮಾನ ಆ್ಯಪುಗಳನ್ನು ನೆಚ್ಚಿಕೊಳ್ಳಬೇಡಿ, ಸೇನೆಯ ಹೆಲಿಕಾಪ್ಟರುಗಳು ಅವುಗಳಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಪೈಲಟ್ಟುಗಳ ರೇಡಿಯೋ ಕೇಳುತ್ತೇನೆ ಅಂತ ಹೊರಡುವವರೂ ಇದ್ದಾರೆ. ಪರವಾನಗಿ ಇಲ್ಲದೆ ಅದು ಅಪರಾಧ. ಸೀಮೆಸುಣ್ಣ ಸಾಕು.

ಆ ವರ್ಷ ಸಂಕ್ರಾಂತಿಯೂ ಅದೇ ದಿನ, ಮೇಲೆ ಭಾನುವಾರ. ಬೆಳಗ್ಗೆ ಬೆಳಗ್ಗೆಯೇ ಬ್ಯಾಗು ಹೊತ್ತು ಹೋದವನನ್ನು ದೊಡ್ಡಮ್ಮ ಬಾಗಿಲಲ್ಲೇ ನಿಲ್ಲಿಸಿದರು. "ಹಬ್ಬದ ದಿನ ಬಂದಿದ್ದೀಯ, ಮೊದ್ಲು ಎಳ್ಳು ಬೆಲ್ಲ ಬಾಯಿಗೆ ಹಾಕ್ಕೋ. ಒಳ್ಳೆ ಮಾತಾಡು. ಆಮೇಲೆ ನಿನ್ನ ಹೆಲಿಕಾಪ್ಟರ್ ನೋಡ್ಕೋ." ತಿಂದೆ, ಒಳ್ಳೆ ಮಾತೂ ಆಡಿದೆ, ಸಕ್ಕರೆ ಅಚ್ಚು ಜೇಬಿಗೆ ಹಾಕಿಕೊಂಡು ಮೇಲೆ ಹತ್ತಿದೆ.

ಜನವರಿಯ ಬೆಳಗಿನ ಮಂಜು ಈ ಊರಲ್ಲಿ ದೊಡ್ಡ ಶತ್ರು. ಬರಿಗಣ್ಣಿಗೆ ಆಕಾಶ ನೀಲಿಯಾಗಿ ಕಂಡರೂ ದೂರದ ವಸ್ತು ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಅದಕ್ಕೆ ಮದ್ದು ಲೆನ್ಸ್ ಅಲ್ಲ, ಹತ್ತಿರ ನಿಲ್ಲುವುದು. ಹೊತ್ತು ಏರಿ ನೆಲ ಕಾದಂತೆ ಮಂಜು ತೆಳುವಾಗುತ್ತದೆ, ಆಗ ಕೆರೆಯ ಮೇಲೆ ಹದ್ದುಗಳು ಸುತ್ತಲು ಶುರುಮಾಡುತ್ತವೆ. ನನ್ನ ಕ್ಯಾಮೆರಾ ಹದ್ದನ್ನೇ ಹೆಲಿಕಾಪ್ಟರ್ ಅಂದುಕೊಂಡು ಫೋಕಸ್ ಹಿಡಿಯುತ್ತಿತ್ತು. ಫೋಕಸ್ ಜಾಗವನ್ನು ನಡುವಿನ ಒಂದು ಚುಕ್ಕೆಗೆ ಇಳಿಸಿದ ಮೇಲೆ ಆ ಕಾಟ ತಪ್ಪಿತು.

ಮೊದಲು ಕಂಡಾಗ ಅವು ಪರೇಡಿನ ಕಡೆ ಬರುತ್ತಲೇ ಇರಲಿಲ್ಲ. ದೂರದಲ್ಲಿ ಉದ್ದುದ್ದ ಸುತ್ತು. ಕೆಳಗೆ ಪಥಸಂಚಲನ ಒಂದು ನಿಮಿಷ ಹಿಂದೆ ಬಿದ್ದರೂ ಮೇಲಿನವರು ಅದಕ್ಕೆ ಹೊಂದಿಕೊಳ್ಳಬೇಕು. ಗಾಳಿಯಲ್ಲಿ ಸುಮ್ಮನೆ ನಿಂತು ಕಾಯಬಹುದಲ್ಲ ಅಂತ ಕೇಳಬಹುದು. ಇಂಧನ ತುಂಬಿದ ಭಾರದಲ್ಲಿ, ಸಾಲುಗಟ್ಟಿ ನಿಂತಲ್ಲೇ ನಿಲ್ಲುವುದು ಹಾರುವುದಕ್ಕಿಂತ ಕಷ್ಟ, ಹೆಚ್ಚು ಶಕ್ತಿ ಬೇಡುತ್ತದೆ. ಹಾಗಾಗಿ ಮುಂದಾಳು ತಿರುವನ್ನು ಹಿಗ್ಗಿಸಿ ಕುಗ್ಗಿಸಿ ಹೊತ್ತು ಕಳೆಯುತ್ತಾನೆ. ಉಳಿದವರಿಗೆ ನೆಲ, ಕೆರೆ, ಮೈದಾನ ಯಾವುದೂ ಲೆಕ್ಕಕ್ಕಿಲ್ಲ. ಅವರ ಕಣ್ಣು ಮುಂದಾಳಿನ ಹೆಲಿಕಾಪ್ಟರಿನ ಮೇಲೆ ಮಾತ್ರ.

ಆಮೇಲೆ ತಿರುಗಿದವು. ಪಕ್ಕದಿಂದ ನೋಡಿದವನಿಗಷ್ಟೇ ಸಿಗುವ ಸಂಗತಿ ಇಲ್ಲಿದೆ. ಕೆಳಗಿನಿಂದ ನೋಡಿದರೆ ಇಂಥ ಸಾಲು ಚಪ್ಪಟೆ ಬಾಣ. ಪಕ್ಕದಿಂದ ನೋಡಿದರೆ ಮೆಟ್ಟಿಲು: ಹಿಂದಿನದು ಮುಂದಿನದಕ್ಕಿಂತ ತುಸು ಮೇಲೆ, ಅದರ ಹಿಂದಿನದು ಇನ್ನೂ ತುಸು ಮೇಲೆ. ಅಂದಕ್ಕೆ ಅಲ್ಲ. ಹೆಲಿಕಾಪ್ಟರಿನ ರೆಕ್ಕೆ ಗಾಳಿಯನ್ನು ಕೆಳಕ್ಕೆ ದಬ್ಬುತ್ತದೆ, ಆ ಕಲಕಿದ ಗಾಳಿ ಹಿಂದೆ ಹಿಂದೆ ಹೋಗುತ್ತಾ ಇಳಿಯುತ್ತದೆ. ಹಿಂಬಾಲಿಸುವವನು ಅದರ ಮೇಲೆ ಇದ್ದರೆ ಕ್ಷೇಮ. ವೇದಿಕೆಯಲ್ಲಿದ್ದ ಗಣ್ಯರಿಗೆ ಇದು ಕಂಡಿರಲಾರದು. ದೊಡ್ಡಮ್ಮನ ತಾರಸಿಯಲ್ಲಿ ಸೀರೆ ಒಣಹಾಕುತ್ತಿದ್ದ ಪಕ್ಕದ ಮನೆಯ ಆಂಟಿಗೆ ಕಂಡಿತು, "ಒಂದರ ಮೇಲೊಂದು ಏರಿದ ಹಾಗಿದೆ ನೋಡ್ರೀ" ಅಂದರು.

ಧ್ರುವ್ ಯಾವುದು, ರುದ್ರ ಯಾವುದು? ಎರಡೂ ಒಂದೇ ಮೂಲದವು, ಕಾಲಿನ ಜಾಗದಲ್ಲಿ ಎರಡಕ್ಕೂ ಚಕ್ರ ಇಲ್ಲ, ಉದ್ದ ಕೊಳವೆಯಂಥ ಸ್ಕಿಡ್. (ಚಕ್ರವಿರುವ ಧ್ರುವ್ ಕಂಡರೆ ಅದು ಸಾಮಾನ್ಯವಾಗಿ ನೌಕಾಪಡೆ ಅಥವಾ ಕೋಸ್ಟ್ ಗಾರ್ಡಿನದು.) ರುದ್ರದ ಗದ್ದದ ಕೆಳಗೆ 20 ಮಿಲಿಮೀಟರಿನ ತೋಪು ಚಾಚಿಕೊಂಡಿರುತ್ತದೆ, ಪಕ್ಕದಲ್ಲಿ ಮೋಟು ರೆಕ್ಕೆ, ಅದಕ್ಕೆ ರಾಕೆಟ್ಟಿನ ಡಬ್ಬಿಗಳು. ಒಮ್ಮೆ ಗುರುತು ಸಿಕ್ಕರೆ ಮತ್ತೆ ಮರೆಯುವುದಿಲ್ಲ. ಇದನ್ನು ನೋಡಲು ಕ್ಯಾಮೆರಾಕ್ಕಿಂತ ಬೈನಾಕ್ಯುಲರ್ ಮೇಲು. 8 ಪಟ್ಟು ಹಿಗ್ಗಿಸುವ ಸಾಧಾರಣದ್ದು ಸಾಕು, ಅದಕ್ಕಿಂತ ಹೆಚ್ಚಿನದರಲ್ಲಿ ಕೈ ನಡುಕವೂ ಹಿಗ್ಗುತ್ತದೆ. ಮೊದಲ ಸಲ ನೋಡುವವರು ಫೋಟೋ ತೆಗೆಯುವ ಆಸೆಯನ್ನೇ ಬಿಡುವುದು ಒಳ್ಳೆಯದು.

ಬಿಡದವರಿಗೆ ಒಂದು ಮಾತು. ಜೆಟ್ಟಿಗೆ ಇಟ್ಟ ಶಟರ್ ವೇಗವನ್ನೇ (ಕ್ಯಾಮೆರಾದ ಕಣ್ಣು ತೆರೆದಿರುವ ಹೊತ್ತು) ಇಲ್ಲಿ ಇಟ್ಟರೆ ರೆಕ್ಕೆಗಳು ನಿಂತುಬಿಡುತ್ತವೆ, ಆಕಾಶಕ್ಕೆ ಮೊಳೆ ಹೊಡೆದು ತೂಗುಹಾಕಿದಂತೆ ಕಾಣುತ್ತದೆ. ಧ್ರುವ್‌ನ ದೊಡ್ಡ ರೆಕ್ಕೆ ಸೆಕೆಂಡಿಗೆ ಐದು ಸುತ್ತಿನ ಆಸುಪಾಸು ತಿರುಗುತ್ತದೆ. ಸೆಕೆಂಡಿನ 1000ನೇ ಒಂದು ಭಾಗದಲ್ಲಿ ಅದು ಎರಡು ಡಿಗ್ರಿಯೂ ಅಲುಗುವುದಿಲ್ಲ. 125ನೇ ಒಂದು ಭಾಗಕ್ಕೆ ಇಳಿಸಿದರೆ ಹದಿನೈದು ಡಿಗ್ರಿಯಷ್ಟು ಮಸುಕು ಬರುತ್ತದೆ, ರೆಕ್ಕೆ ತಿರುಗುತ್ತಿದೆ ಅಂತ ನಂಬಿಕೆ ಬರುತ್ತದೆ. ಇಷ್ಟು ನಿಧಾನದಲ್ಲಿ ಕೈ ಅಲುಗದಂತೆ ಹೆಲಿಕಾಪ್ಟರಿನ ಜೊತೆಜೊತೆಗೆ ಸೊಂಟ ತಿರುಗಿಸಬೇಕು. ಅದಕ್ಕೆ ಮುಂಚಿನ ವಾರವೆಲ್ಲ ರಸ್ತೆಯ ಬಿಎಂಟಿಸಿ ಬಸ್ಸುಗಳ ಮೇಲೆ ಅಭ್ಯಾಸ ಮಾಡಿದ್ದೆ. ಆದರೂ ಅರ್ಧಕ್ಕಿಂತ ಹೆಚ್ಚು ಚಿತ್ರ ಅಳಿಸಬೇಕಾಗುತ್ತದೆ, ಅದು ಲೆಕ್ಕದಲ್ಲೇ ಇರಲಿ. ನಾನು ಮೊದಲು ಒಂದೆರಡು ಚಿತ್ರ ಸೆಕೆಂಡಿನ 500ನೇ ಒಂದು ಭಾಗದಲ್ಲಿ ತೆಗೆದು, ಕೈಯಲ್ಲಿ ಏನೋ ಒಂದು ಉಳಿಯಿತು ಅನ್ನಿಸಿದ ಮೇಲೆ ಇಳಿಸುತ್ತೇನೆ.

ಕ್ಯಾಮೆರಾ ಆಕಾಶಕ್ಕೆ ಮಾತ್ರ. ಎಂಇಜಿ ಕಾಂಪೌಂಡಿನ ಸುತ್ತ ಫೋಟೋ ನಿಷೇಧದ ಬೋರ್ಡುಗಳಿವೆ, ತಾರಸಿಯಿಂದ ಒಳಗಿನದು ಕಂಡರೂ ಅತ್ತ ಲೆನ್ಸ್ ತಿರುಗಿಸಬಾರದು. ಡ್ರೋನಿನ ಮಾತಂತೂ ಬೇಡವೇ ಬೇಡ. ಕೆಳಗೆ ಗಲ್ಲಿಯಲ್ಲಿದ್ದ ಪೇದೆಯೊಬ್ಬರು ಮೇಲೆ ಬಂದು ಬ್ಯಾಗು ತೆರೆಸಿ ನೋಡಿದರು. ದೊಡ್ಡಮ್ಮ ಅವರಿಗೂ ಎಳ್ಳು ಕೊಟ್ಟು, "ನಮ್ಮ ಹುಡುಗಾನೇ ಸಾರ್" ಅಂದರು. ಮನೆಯವರ ಜೊತೆ ಇರುವುದಕ್ಕಿಂತ ದೊಡ್ಡ ಪರವಾನಗಿ ಇಲ್ಲ. ಗುರುತಿಲ್ಲದ ಅಪಾರ್ಟ್‌ಮೆಂಟಿನ ತಾರಸಿಗೆ ನುಗ್ಗಿ ಈ ಕೆಲಸ ಮಾಡಬೇಡಿ.

ಸೇನಾ ದಿನದ ಪರೇಡ್ ಆಮೇಲೆ ಲಖನೌ, ಪುಣೆ ಅಂತ ಊರೂರು ತಿರುಗುತ್ತಿದೆ. ನಮಗೆ ಉಳಿದಿರುವುದು ಎರಡು ವರ್ಷಕ್ಕೊಮ್ಮೆ ಯಲಹಂಕದಲ್ಲಿ ನಡೆಯುವ ಏರೋ ಇಂಡಿಯಾ. ಅಲ್ಲಿ ಜೆಟ್ಟುಗಳನ್ನು ನೋಡುವವರಿಗೆ ಮೇಲಿನ ಸಲಹೆಗಳಲ್ಲಿ ಅರ್ಧ ತಲೆಕೆಳಗು: ಸದ್ದಿಗಿಂತ ಮುಂದೆ ನೋಡಬೇಕು, ಶಟರ್ ಸೆಕೆಂಡಿನ 1600ನೇ ಒಂದು ಭಾಗಕ್ಕಿಂತ ವೇಗವಾಗಿರಬೇಕು, ಹಕ್ಕಿಗಳ ಭಯಕ್ಕೆ ಸುತ್ತಮುತ್ತ ಕಿಲೋಮೀಟರುಗಟ್ಟಲೆ ಮಾಂಸದಂಗಡಿ ಮುಚ್ಚಿಸಿರುತ್ತಾರೆ, ಹಾಗಾಗಿ ಹದ್ದಿನ ಕಾಟ ತುಸು ಕಡಿಮೆ. ಧ್ರುವ್ ನೋಡಲೇಬೇಕು ಅಂತ ಹೋಗುವವರು ಮಾತ್ರ ಮೊದಲು ಸುದ್ದಿ ಓದಿಕೊಂಡು ಹೋಗಿ. 2025ರ ಜನವರಿಯಲ್ಲಿ ಪೋರಬಂದರಿನಲ್ಲಿ ಕೋಸ್ಟ್ ಗಾರ್ಡಿನ ಧ್ರುವ್ ಬಿದ್ದ ಮೇಲೆ ಎಲ್ಲವನ್ನೂ ನೆಲಕ್ಕಿಳಿಸಿದ್ದರು, ಆ ಫೆಬ್ರವರಿಯ ಏರೋ ಇಂಡಿಯಾದಲ್ಲಿ ಅದೇ ಧ್ರುವ್‌ಗಳಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸಾರಂಗ್ ತಂಡ ಹಾರಲಿಲ್ಲ. ಬಳ್ಳಾರಿ ರಸ್ತೆಯ ಫ್ಲೈಓವರ್ ಮೇಲೆ ಗಾಡಿ ನಿಲ್ಲಿಸಿ ನೋಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಯಲಹಂಕ ಕಡೆ ನೆಂಟರಿದ್ದರೆ ಈಗಲೇ ಫೋನ್ ಮಾಡಿ ತಾರಸಿ ಕಾದಿರಿಸಿಕೊಳ್ಳಿ.