ಪೆಟ್ರೋಲ್ ಮುಳ್ಳು ಏಳುತ್ತಿಲ್ಲವೇ? ಮೀಟರ್ ಬೋರ್ಡ್ ಬಿಚ್ಚುವ ಮೊದಲು ಟ್ಯಾಂಕಿನ ಕಡೆ ನೋಡಿ

ಬಂಕಿನಲ್ಲಿ ಹತ್ತು ಲೀಟರ್ ಹಾಕಿಸಿದರೂ ಮುಳ್ಳು ‘ಇ’ ಬಿಟ್ಟು ಮೇಲೇಳದಿದ್ದರೆ ಎಲ್ಲರ ಕೈ ಮೊದಲು ಹೋಗುವುದು ಡ್ಯಾಶ್‌ಬೋರ್ಡಿಗೆ. ಆದರೆ ಮೀಟರ್ ಕೆಡುವುದು ಕಡಿಮೆ. ಹಗಲೂ ರಾತ್ರಿ ಪೆಟ್ರೋಲಿನಲ್ಲಿ ಮುಳುಗಿದ್ದು, ಗಾಡಿ ಕುಲುಕಿದಾಗಲೆಲ್ಲ ಆಡಿ ಆಡಿ ಸವೆಯುವುದು ಟ್ಯಾಂಕಿನೊಳಗೆ ಪೆಟ್ರೋಲಿನ ಮಟ್ಟ ಅಳೆದು ಮೀಟರಿಗೆ ತಿಳಿಸುವ ಯೂನಿಟ್. ಇಲ್ಲಿ ಹೇಳುತ್ತಿರುವುದು ಮಾರುತಿ 800, ಓಮ್ನಿ, ಜಿಪ್ಸಿಯಂಥ ಹಳೆಯ ಕಾರ್ಬ್ಯುರೇಟರ್ ಗಾಡಿಗಳ ಮಾತು. ಹೊಸ ಗಾಡಿಗಳಲ್ಲಿ ಯೂನಿಟ್ ಪಂಪಿನ ಜೊತೆಗೇ ಇರುತ್ತದೆ, ಲೈನಿನಲ್ಲಿ ಒತ್ತಡವೂ ಇರುತ್ತದೆ. ಅದಕ್ಕೆ ಗಾಡಿಯ ದೋಷ ಹುಡುಕುವ ಸ್ಕ್ಯಾನರ್ ಇರುವವರೇ ಬೇಕು.

ಯೂನಿಟ್ಟಿನಲ್ಲಿ ಇರುವುದು ಇಷ್ಟೇ: ತೇಲುವ ಫ್ಲೋಟ್, ಅದರ ಕಡ್ಡಿ, ಕಡ್ಡಿಯ ಬುಡದಲ್ಲಿ ಕರೆಂಟಿಗೆ ಅಡ್ಡಿಯೊಡ್ಡುವ ರೆಸಿಸ್ಟೆನ್ಸ್ ಪಟ್ಟಿಯ ಮೇಲೆ ಜಾರುವ ಒಂದು ಸಣ್ಣ ಬೆರಳು. ಸುಜುಕಿ ಮೂಲದ ಹಳೆಯ ಗಾಡಿಗಳಲ್ಲಿ ಟ್ಯಾಂಕ್ ಖಾಲಿಯಾದಾಗ ಈ ಅಡ್ಡಿಯ ಅಳತೆ ಸುಮಾರು 110 ಓಮ್, ಅರ್ಧಕ್ಕೆ 30ರ ಆಸುಪಾಸು, ತುಂಬಿದಾಗ ಬೆರಳೆಣಿಕೆಯಷ್ಟು ಓಮ್. ಎಲ್ಲ ಕಂಪನಿಗಳದ್ದೂ ಹೀಗೆ ಅಂದುಕೊಳ್ಳಬೇಡಿ. ಹಳೆಯ ಜನರಲ್ ಮೋಟರ್ಸ್ ಗಾಡಿಗಳಲ್ಲಿ ಖಾಲಿಗೆ 0, ತುಂಬಿದರೆ 90. ಪೂರಾ ಉಲ್ಟಾ. ಅಂಗಡಿಯಲ್ಲಿ ‘ಇದೂ ಕೂರುತ್ತೆ’ ಎಂದು ಕೊಟ್ಟ ಯೂನಿಟ್ ಕೂತರೂ ಸುಳ್ಳು ಹೇಳುವುದು ಇದೇ ಕಾರಣಕ್ಕೆ.

ಐದು ನಿಮಿಷದ ಪರೀಕ್ಷೆಯಿಂದ ಶುರುಮಾಡಿ. ಟ್ಯಾಂಕ್ ಮುಚ್ಚಿಯೇ ಇರಲಿ. ಯೂನಿಟ್ಟಿಗೆ ಬರುವ ವೈರ್ ಕಳಚಿ ಕೀ ಆನ್ ಮಾಡಿದರೆ ಮುಳ್ಳು ‘ಇ’ಯಲ್ಲೇ ಇರಬೇಕು. ಈಗ ಆ ವೈರಿಗೂ ಬಾಡಿಗೂ ನಡುವೆ 12 ವೋಲ್ಟಿನ 3.4 ವ್ಯಾಟ್ ಬಲ್ಬ್ ಹಿಡಿಯಿರಿ. ಬಲ್ಬ್ ಹೊತ್ತಿ ಮುಳ್ಳು ಮೇಲೇರಿದರೆ ಮೀಟರೂ ವೈರಿಂಗೂ ಸರಿ, ತಪ್ಪು ಟ್ಯಾಂಕಿನದ್ದು. ಬಲ್ಬ್ ಇಲ್ಲದೆ ವೈರನ್ನು ನೇರವಾಗಿ ಬಾಡಿಗೆ ಮುಟ್ಟಿಸಿ ಅರ್ಥ್ ಕೊಟ್ಟರೆ ಶಾಖದಿಂದ ಬಾಗುವ ಬೈಮೆಟಲ್ ಮೀಟರ್ ಸುಟ್ಟೇ ಹೋಗಬಹುದು. ಬಲ್ಬ್ ಹೊತ್ತಲೇ ಇಲ್ಲವೇ? ಮೊದಲು ಫ್ಯೂಸ್, ಆಮೇಲೆ ಮೀಟರ್ ಬೋರ್ಡಿನ ಹಿಂದಿನ ಸಾಕೆಟ್ ನೋಡಿ. ಪೆಟ್ರೋಲ್ ಮುಳ್ಳಿನ ಜೊತೆ ಟೆಂಪರೇಚರ್ ಮುಳ್ಳೂ ಕೈಕೊಟ್ಟಿದ್ದರೆ ಎರಡಕ್ಕೂ ಕರೆಂಟ್ ಕೊಡುವ ವೋಲ್ಟೇಜ್ ಸ್ಟೆಬಿಲೈಸರ್ ಮೇಲೆ ಅನುಮಾನ ಇಡಿ. ಅದರ ಅರ್ಥ್ ಬಿಟ್ಟುಹೋದರೆ ಎರಡೂ ಮುಳ್ಳುಗಳು ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ.

ಟ್ಯಾಂಕ್ ಬಿಚ್ಚುವ ಮುನ್ನ ಇನ್ನೊಂದು ಪರೀಕ್ಷೆ, ಬಹಳ ಜನ ಬಿಡುವಂಥದ್ದು: ಅರ್ಥಿಂಗ್, ಅಂದರೆ ಯೂನಿಟ್ಟಿನಿಂದ ಬಾಡಿಯ ಮೂಲಕ ಬ್ಯಾಟರಿಯ ಮೈನಸ್ಸಿಗೆ ಕರೆಂಟ್ ಮರಳುವ ದಾರಿ. ಟ್ಯಾಂಕ್ ತುಂಬಿ ಯೂನಿಟ್ 5 ಓಮ್ ಕೊಡುತ್ತಿದ್ದರೂ ತುಕ್ಕು ಹಿಡಿದ ಅರ್ಥ್ ಇನ್ನೊಂದು 25 ಸೇರಿಸಿದರೆ ಮೀಟರಿಗೆ ಕಾಣುವುದು 30, ಅಂದರೆ ಅರ್ಧ ಟ್ಯಾಂಕ್. ಖಾಲಿಯಾದಾಗ ಮಾತ್ರ 110 ಇದ್ದದ್ದು 135 ಆದರೂ ಮುಳ್ಳಿಗೆ ಹೆಚ್ಚು ವ್ಯತ್ಯಾಸವಿಲ್ಲ. ಹಾಗಾಗಿ ‘ಖಾಲಿ ಸರಿಯಾಗಿ ತೋರಿಸುತ್ತದೆ, ಫುಲ್ ಮಾತ್ರ ತೋರಿಸುವುದಿಲ್ಲ’ ಎಂದರೆ ಮೊದಲು ಅರ್ಥ್ ಉಜ್ಜಿ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಓಡುವ ಗಾಡಿಗಳಲ್ಲಿ ಇದು ಮಾಮೂಲು. ಟ್ಯಾಂಕಿನ ಮೇಲೆ ಕೂರುವ ಯೂನಿಟ್ಟಿನ ತಟ್ಟೆಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ ಮಲ್ಟಿಮೀಟರ್ ಒಂದು ಓಮಿಗಿಂತ ಹೆಚ್ಚು ತೋರಿಸಬಾರದು. ಅಳೆಯುವಾಗ ಕೀ ಆಫ್ ಇರಲಿ.

ಬಿಚ್ಚಲೇಬೇಕಾದರೆ ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಪೆಟ್ರೋಲ್ ಇರುವ ದಿನ, ಬಯಲಲ್ಲಿ, ಬ್ಯಾಟರಿಯ ಮೈನಸ್ ಕಳಚಿ ಮಾಡಿ. ಗ್ಯಾರೇಜಿನೊಳಗೆ ಬೇಡ, ಪೆಟ್ರೋಲ್ ಆವಿ ನೆಲಕ್ಕಂಟಿ ದೂರದ ಕಿಡಿಯವರೆಗೂ ಹರಿಯುತ್ತದೆ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಂತಿರಲಿ. ಕೆಲವು ಗಾಡಿಗಳಲ್ಲಿ ಹಿಂದಿನ ಸೀಟಿನ ಕೆಳಗೆ ಮುಚ್ಚಳವಿರುತ್ತದೆ, ಇಲ್ಲದಿದ್ದರೆ ಟ್ಯಾಂಕನ್ನೇ ಇಳಿಸಬೇಕು. ಸ್ಕ್ರೂಗಳ ಸುತ್ತಲಿನ ಮಣ್ಣನ್ನು ಬ್ರಷ್ಷಿನಿಂದ ಪೂರ್ತಿ ತೆಗೆದು ಆಮೇಲೆ ಸಡಿಲಿಸಿ, ಇಲ್ಲವಾದರೆ ಅದು ಟ್ಯಾಂಕಿಗೆ ಬಿದ್ದು ನಾಳೆ ಫಿಲ್ಟರ್ ಕಟ್ಟುತ್ತದೆ. ಯೂನಿಟ್ಟನ್ನು ಓರೆಯಾಗಿ ಎತ್ತಿ. ನೇರ ಎಳೆದರೆ ಕಡ್ಡಿ ಬಾಗುತ್ತದೆ.

ಹೊರಬಂದ ಯೂನಿಟ್ ಚೆನ್ನಾಗಿ ಒಣಗಲಿ. ಮಲ್ಟಿಮೀಟರನ್ನು 200 ಓಮಿಗೆ ಇಟ್ಟು ಕಡ್ಡಿಯನ್ನು ನಿಧಾನ ಮೇಲೆತ್ತಿ. ಅಂಕಿ ಜಿಗಿಯದೆ ಇಳಿಯುತ್ತ ಹೋಗಬೇಕು. ನಡುವೆ ಎಲ್ಲಾದರೂ ಸಂಪರ್ಕ ತಪ್ಪಿದರೆ ಪಟ್ಟಿ ಅಲ್ಲಿ ಕೊಳೆಯಾಗಿದೆ ಅಥವಾ ಸವೆದಿದೆ. ಈ ಕೆಲಸಕ್ಕೆ ಡಿಜಿಟಲ್ಲಿಗಿಂತ ಹಳೆಯ ಮುಳ್ಳಿನ ಮಲ್ಟಿಮೀಟರೇ ವಾಸಿ, ಕ್ಷಣಮಾತ್ರದ ತಪ್ಪೂ ಕಣ್ಣಿಗೆ ಬೀಳುತ್ತದೆ. ಕೊಳೆಯಾದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹತ್ತಿಬಟ್ಟೆಯಲ್ಲಿ ಒರೆಸಿ, ಮೊಂಡು ಕಲೆಗೆ ಪೆನ್ಸಿಲ್ ರಬ್ಬರ್ ಸಾಕು. ಎಮರಿ ಪೇಪರ್ ಮುಟ್ಟಿಸಿದರೆ ಪಟ್ಟಿಯ ಕತೆ ಮುಗಿಯಿತು. ಜಾರುವ ಬೆರಳನ್ನು ಕೂದಲೆಳೆಯಷ್ಟು ಒಳಕ್ಕೆ ಬಗ್ಗಿಸಿದರೆ ಒತ್ತು ಹೆಚ್ಚುತ್ತದೆ. ಪಟ್ಟಿ ಸವೆದಿದ್ದರೆ ಯೂನಿಟ್ಟೇ ಬದಲಿಸಬೇಕು. ಬೆಂಗಳೂರಿನವರು ಹಳೆಯದನ್ನು ಕೈಯಲ್ಲೇ ಹಿಡಿದುಕೊಂಡು ಗಾಡಿಯ ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹೋಗಿ, ಕಡ್ಡಿಯ ಉದ್ದ ಮತ್ತು ಓಮ್ ಎರಡನ್ನೂ ಅಂಗಡಿಯಲ್ಲೇ ತಾಳೆ ನೋಡಿ ತರಲಿ.

ಫ್ಲೋಟ್ ಅಲ್ಲಾಡಿಸಿದಾಗ ಒಳಗೆ ಕುಲುಕಿದರೆ ತೂತಾಗಿ ಪೆಟ್ರೋಲ್ ಕುಡಿದಿದೆ, ಅದು ಇನ್ನು ತೇಲದು. ಹಿತ್ತಾಳೆಯದೆಂದು ಬೆಸುಗೆ ಹಾಕಲು ಹೋಗಬೇಡಿ. ಒಳಗಿರುವುದು ಪೆಟ್ರೋಲ್ ಆವಿ, ಸಿಡಿದೀತು.

ಕೂರಿಸುವಾಗ ಹಳೆಯ ಪ್ಯಾಕಿಂಗ್ ಮತ್ತೆ ಬಳಸಬೇಡಿ. ಈಗ ಬಂಕುಗಳಲ್ಲಿ ಬರುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಹಳೆಯ ರಬ್ಬರ್ ಅದರಲ್ಲಿ ಉಬ್ಬಿ ಬಿರಿಯುತ್ತದೆ. ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಬ್ಯಾಟರಿ ಜೋಡಿಸಿ, ಕೀ ಆನ್ ಮಾಡಿ ಅರ್ಧ ನಿಮಿಷ ಕಾಯಿರಿ. ಬೈಮೆಟಲ್ ಮುಳ್ಳು ಬಿಸಿಯೇರಿದ ಮೇಲಷ್ಟೇ ನಿಲ್ಲುತ್ತದೆ. ಎಲ್ಲ ಮಟ್ಟದಲ್ಲೂ ಒಂದೇ ಸಮ ಕಡಿಮೆ ತೋರಿಸಿದರೆ ಯೂನಿಟ್ ಮತ್ತೆ ತೆಗೆದು, ಕಡ್ಡಿಯ ಫ್ಲೋಟ್ ಇರುವ ತುದಿಯನ್ನು ಒಂದೆರಡು ಮಿಲಿಮೀಟರ್ ಕೆಳಕ್ಕೆ ಬಗ್ಗಿಸಿ, ಆಗ ಅದೇ ಪೆಟ್ರೋಲಿಗೆ ಕಡ್ಡಿ ಇನ್ನಷ್ಟು ಮೇಲೇಳುತ್ತದೆ. ಕೊನೆಗೆ ಟ್ಯಾಂಕ್ ಫುಲ್ ಮಾಡಿಸಿ, ಪ್ಯಾಕಿಂಗ್ ಸುತ್ತ ಬೆರಳಾಡಿಸಿ, ಒದ್ದೆಯಿದೆಯೇ ನೋಡಿ. ಅರ್ಧ ಟ್ಯಾಂಕಿನಲ್ಲಿ ಸೋರದ್ದು ತುಂಬಿದಾಗ ಸೋರುತ್ತದೆ.